ಮೀಟರ್ ರೂಮಿನಿಂದ ಮೂರನೇ ಮಹಡಿಗೆ: ವೈಫೈ, ಪವರ್‌ಲೈನ್, ಲೋರಾ

ಮುಂಬಯಿಯ ಮಾಟುಂಗಾದಲ್ಲಿರುವ ನಮ್ಮ ಬಿಲ್ಡಿಂಗ್ ಹಳೆಯದು. ಮೀಟರ್‌ಗಳೆಲ್ಲ ಕೆಳಗೆ ಮೆಟ್ಟಿಲ ಪಕ್ಕದ ಕೋಣೆಯಲ್ಲಿ, ನಾವಿರುವುದು ಮೂರನೇ ಮಹಡಿಯಲ್ಲಿ. ಮೀಟರಿನಲ್ಲಿ ಕೆಂಪು ದೀಪ ಮಿನುಗುತ್ತಿರುತ್ತದಲ್ವಾ? ನಮ್ಮದು ಒಂದು ಯೂನಿಟ್‌ಗೆ 3200 ಸಲ ಮಿನುಗುತ್ತದೆ. ಸೆಕ್ರೆಟರಿಯನ್ನು ಒಪ್ಪಿಸಿ, ಸೀಲ್ ಮುಟ್ಟದೆ, ದೀಪದ ಮುಂದೆ ಬೆಳಕಿನ ಸೆನ್ಸರ್ ಅಂಟಿಸಿದೆ. ಆ ಎಣಿಕೆ ಮನೆಗೆ ಬರಬೇಕಿತ್ತು, ಅಷ್ಟೇ.

ವೈಫೈ ಕಥೆ ಚಿಕ್ಕದು. ನಡುವೆ ಮೂರು ಸ್ಲ್ಯಾಬ್, ಮೇಲಿಂದ ಕಬ್ಬಿಣದ ಬಾಗಿಲು. ಬರಲೇ ಇಲ್ಲ.

ಪವರ್‌ಲೈನ್ ಅಡಾಪ್ಟರ್ ಮೇಲೆ ನನಗೆ ಆಸೆ ಜಾಸ್ತಿ ಇತ್ತು. 50 ಹರ್ಟ್ಸ್ ಕರೆಂಟ್ ಹರಿಯುವ ತಂತಿಯಲ್ಲೇ ಅದು ಮೆಗಾಹರ್ಟ್ಸ್ ಲೆಕ್ಕದ ಸಿಗ್ನಲ್ ಕಳಿಸುತ್ತದೆ. ಹೊಸ ವೈರ್ ಎಳೆಯುವುದು ಬೇಡ. ಒಂದು ಅಡಾಪ್ಟರ್ ಮೀಟರ್ ರೂಮಿನಲ್ಲಿ, ಇನ್ನೊಂದು ಮನೆಯಲ್ಲಿ. ಮೊದಲ ದಿನ ಎರಡೂ ಒಂದನ್ನೊಂದು ಗುರುತಿಸಲಿಲ್ಲ. ವೈರ್‌ಮನ್ ಬಂದು ನೋಡಿ, ಮೀಟರ್ ರೂಮಿನ ಪ್ಲಗ್ ಬೇರೆ ಫೇಸ್‌ನದ್ದು ಅಂದ. ನಮ್ಮ ಫೇಸ್‌ನ ಪಾಯಿಂಟ್‌ಗೆ ಹಚ್ಚಿದೆ, ಮೇಲಿನದ್ದನ್ನು ಸ್ಪೈಕ್ ಬಸ್ಟರ್‌ನಿಂದ ಕಿತ್ತು ನೇರ ಗೋಡೆಗೆ ಸಿಕ್ಕಿಸಿದೆ. ಸ್ಪೈಕ್ ಬಸ್ಟರಿನ ಫಿಲ್ಟರ್ ಈ ಸಿಗ್ನಲನ್ನೂ ಕಸ ಅಂತಲೇ ನುಂಗುತ್ತದೆ. ಆಮೇಲೆ ಬಂತು. ಅಡಾಪ್ಟರಿನ ಪೇರ್ ಬಟನ್ ಒತ್ತಿ ಹೊಸ ಕೀ (ಎರಡರ ನಡುವಿನ ಪಾಸ್‌ವರ್ಡ್) ಮಾಡಿಕೊಳ್ಳುವುದನ್ನು ಮರೆಯಬೇಡಿ. ಕಂಪನಿಯಿಂದ ಬರುವ ಕೀ ಹಾಗೇ ಬಿಟ್ಟರೆ ಪಕ್ಕದ ಮನೆಯ ಅಡಾಪ್ಟರೂ ಒಳಗೆ ಬಂದು ಕೂತೀತು.

ಆದರೆ ಬೆಳಗ್ಗೆ ಅಮ್ಮ ಚಟ್ನಿಗೆ ಮಿಕ್ಸಿ ಹಾಕಿದರೆ ಗ್ರಾಫ್ ಖಾಲಿ! ಮಿಕ್ಸಿ ಮೋಟರಿನ ಬ್ರಷ್ ಕಿಡಿ ಹಾರಿಸುತ್ತದೆ, ಅದರ ಗಲಾಟೆ ತಂತಿಯಲ್ಲೆಲ್ಲ. ಮಿಕ್ಸಿ ಎಷ್ಟು ಎಳೆಯುತ್ತದೆ ಅಂತ ನೋಡೋಣ ಅಂದರೆ ಆಗಲೇ ಸಂಪರ್ಕ ಕಟ್. ಪ್ರತಿ ಸಲ ಒಟ್ಟು ಎಣಿಕೆಯನ್ನೇ ಕಳಿಸುವಂತೆ ಬದಲಾಯಿಸಿದೆ. ದಿನದ ಯೂನಿಟ್ ಸರಿಹೋಯಿತು, ಗ್ರಾಫಿನ ತೂತು ಉಳಿಯಿತು. ಜೊತೆಗೆ ಅಡಾಪ್ಟರ್ ಒಂದೊಂದೂ 3 ವಾಟ್ ತಿನ್ನುತ್ತಿತ್ತು. ಎರಡಕ್ಕೆ ವರ್ಷಕ್ಕೆ ಸುಮಾರು 52 ಯೂನಿಟ್. ಕರೆಂಟ್ ಉಳಿಸಲು ಹೊರಟವನಿಗೆ ಇದು ಬೇಕಿತ್ತಾ?

ಕೊನೆಗೆ ಲೋರಾ, ಅಂದರೆ ಚಿಕ್ಕ ಸಂದೇಶಗಳನ್ನು ದೂರಕ್ಕೆ ಕಳಿಸುವ ರೇಡಿಯೊ. ನಮ್ಮ ದೇಶದಲ್ಲಿ ಇದಕ್ಕೆ 865ರಿಂದ 868 ಮೆಗಾಹರ್ಟ್ಸ್‌ವರೆಗೆ ಲೈಸೆನ್ಸ್ ಬೇಕಿಲ್ಲ. ಬೋರ್ಡ್ ಕೊಳ್ಳುವಾಗ 433ರದ್ದು ತಗಲಿಹಾಕಿಕೊಳ್ಳದಂತೆ ನೋಡಿಕೊಳ್ಳಿ. ವೇಗ ಆಮೆಯದ್ದು, ವಿಡಿಯೊ ಕನಸಿನಲ್ಲೂ ಬೇಡ. ನನಗೆ ಬೇಕಿದ್ದದ್ದು ನಿಮಿಷಕ್ಕೊಂದು ಸಂಖ್ಯೆ. ಸ್ಲ್ಯಾಬ್ ದಾಟಿ ಬರುತ್ತದೆ, ಮಿಕ್ಸಿಗೆ ಹೆದರುವುದಿಲ್ಲ. ಆಂಟೆನಾವನ್ನು ಬಾಗಿಲಿನ ಜಾಲರಿಯಿಂದ ಹೊರಗೆ ಎಳೆದಿಟ್ಟೆ, ಅಷ್ಟೇ ಕೆಲಸ.

ಪವರ್‌ಲೈನ್ ಜೋಡಿಯನ್ನು ಎಸೆದಿಲ್ಲ. ವೈಫೈ ತಲುಪದ ಹಿಂದಿನ ರೂಮಿನಲ್ಲಿ ಮಗನ ಕಂಪ್ಯೂಟರ್‌ಗೆ ಹಾಕಿದ್ದೇನೆ, ಚೆನ್ನಾಗೇ ಓಡುತ್ತಿದೆ. ಚಟ್ನಿ ಹೊತ್ತಿನಲ್ಲಿ ಮಾತ್ರ ಅವನು ಅಡುಗೆಮನೆ ಕಡೆ ತಿರುಗಿ ಕೂಗುತ್ತಾನೆ, "ಅಜ್ಜೀ, ಎರಡೇ ನಿಮಿಷ!"