ಮಿಶೋ ಪುಸ್ತಕವೋ, ಸಾರ್ಜೆಂಟ್ ಪುಸ್ತಕವೋ?

ಉತ್ತರ ಅಮೆರಿಕದ ಕಾಡುಮರಗಳ ಹಳೆಯ ಚಿತ್ರಪುಸ್ತಕ ಬೇಕಾದರೆ ಈ ಎರಡರಲ್ಲಿ ಒಂದನ್ನು ಆರಿಸಿ.

ಫ್ರೆಂಚ್ ಸಸ್ಯವಿಜ್ಞಾನಿ ಫ್ರಾನ್ಸ್ವಾ ಆಂದ್ರೆ ಮಿಶೋ ಅವರ ಪುಸ್ತಕ 1810ರಿಂದ 1813ರ ನಡುವೆ ಪ್ಯಾರಿಸ್‌ನಲ್ಲಿ ಬಂತು. ಬಣ್ಣದ ಚಿತ್ರಗಳು ಕಣ್ಣಿಗೆ ಹಬ್ಬ. ಗುಲಾಬಿ ಚಿತ್ರಗಳಿಗೆ ಹೆಸರಾದ ರೆದೂತೆ ಬರೆದವೂ ಇದರಲ್ಲಿವೆ. ಯಾವ ಮರ ಹಡಗಿಗೆ, ಯಾವುದು ಪೀಪಾಯಿಗೆ, ಯಾವ ತೊಗಟೆ ಚರ್ಮ ಹದ ಮಾಡಲು ಅಂತ ಮಿಶೋ ವಿವರವಾಗಿ ಹೇಳುತ್ತಾರೆ. ನನಗೆ ಚಿತ್ರಕ್ಕಿಂತ ಈ ಮಾತುಗಳೇ ಜಾಸ್ತಿ ಇಷ್ಟ. ಆದರೆ ಅಮೆರಿಕದ ಪಶ್ಚಿಮದ ದೈತ್ಯ ಸಿಕೋಯಾ ಮರ ಇಲ್ಲಿ ಸಿಗುವುದಿಲ್ಲ.

ಅಮೆರಿಕದ ಸಸ್ಯವಿಜ್ಞಾನಿ ಚಾರ್ಲ್ಸ್ ಸಾರ್ಜೆಂಟ್ ಅವರದು 14 ಸಂಪುಟ, 740 ಚಿತ್ರಫಲಕ, 1891ರಿಂದ 1902. ಚಿತ್ರಕಾರ ಫ್ಯಾಕ್ಸನ್ ಬರೆದ ಇದರ ಚಿತ್ರಗಳಿಗೆ ಬಣ್ಣವಿಲ್ಲ. ಆದರೆ ಹೂವು, ಕಾಯಿ, ಬೀಜ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕಾಣುತ್ತವೆ.

ಮರ ಗುರುತಿಸಲು ಸಾರ್ಜೆಂಟ್. ಕೂತು ಓದಲು ಮಿಶೋ.