ನೊಜಾವಾ ಓನ್ಸೆನ್: ವಾದ್ಯಗಳ ಜೊತೆ ಮೂರು ರಾತ್ರಿ

ಟೋಕಿಯೋದಲ್ಲಿ ಎರಡು ಸಂಗೀತ ಕಛೇರಿಗಳ ನಡುವೆ ನಾಲ್ಕು ದಿನ ಬಿಡುವು ಸಿಕ್ಕಿದ್ದರಿಂದ, ಪಿಟೀಲು ನುಡಿಸುವ ನಾನು, ನಮ್ಮ ಗಾಯಕಿ ಮತ್ತು ಮೃದಂಗದವರು ಜನವರಿ ಕೊನೆಯಲ್ಲಿ ನಾಗಾನೊ ಪ್ರಾಂತ್ಯದ ನೊಜಾವಾ ಓನ್ಸೆನ್ ಎಂಬ ಬಿಸಿನೀರಿನ ಬುಗ್ಗೆಗಳ ಹಳ್ಳಿಯ ಒಂದು ರ್ಯೋಕಾನ್‌ನಲ್ಲಿ, ಅಂದರೆ ಚಾಪೆಹಾಸಿನ ಸಾಂಪ್ರದಾಯಿಕ ವಸತಿಗೃಹದಲ್ಲಿ, ತಂಗಿದ್ದೆವು. ಶಿಂಕಾನ್‌ಸೆನ್ ಎಂಬ ಅತಿವೇಗದ ರೈಲಿನಲ್ಲಿ ಇಯಾಮಾ ತಲುಪಿದರೆ ಅಲ್ಲಿಂದ ಬಸ್ಸಿನಲ್ಲಿ ಸುಮಾರು 25 ನಿಮಿಷದ ದಾರಿ. ಆದರೆ ಬಸ್ಸಿಳಿದ ಮೇಲೆ ಹಿಮ ಗಟ್ಟಿಯಾಗಿ ಜಾರುವ ಏರುದಾರಿಯಲ್ಲಿ ಮೃದಂಗ ಹೊತ್ತು ನಡೆಯುವುದು ಸುಲಭವಲ್ಲ. ವಸತಿಗೃಹದವರಿಗೆ ಮೊದಲೇ ತಿಳಿಸಿದರೆ ವಾಹನ ಕಳುಹಿಸುತ್ತಾರೆಂಬುದು ನಮಗೆ ತಡವಾಗಿ ಗೊತ್ತಾಯಿತು.

ಈ ಜಾಗ ನನಗೆ ಹಿಡಿಸಿದ್ದು ಮುಖ್ಯವಾಗಿ ಅಲ್ಲಿನ ನಿಶ್ಶಬ್ದಕ್ಕಾಗಿ. ಹೊಸದಾಗಿ ಬಿದ್ದ ಹಿಮದ ಹರಳುಗಳ ನಡುವೆ ಗಾಳಿ ತುಂಬಿರುವುದರಿಂದ ಅದು ಸದ್ದನ್ನು ಹೀರಿಕೊಳ್ಳುತ್ತದೆ. ಮೊದಲ ಬೆಳಗ್ಗೆ ತಂಬೂರಿ ಹಾಕಿದಾಗ, ಪಂಚಮ (‘ಪ’ ಸ್ವರ) ಕೂದಲೆಳೆಯಷ್ಟು ತಪ್ಪಿದ್ದೂ ಮೂವರಿಗೂ ಒಟ್ಟಿಗೇ ಕೇಳಿಸಿತು. ಗೋಡೆಗಳು ತೆಳುವಾಗಿರುವುದರಿಂದ ಕೋಣೆಯಲ್ಲಿ ಸಾಧನೆ ಬೇಡವೆಂದು ಯಜಮಾನಿ ಸಂಕೋಚದಿಂದಲೇ ಹೇಳಿದರು. ಬದಲಿಗೆ, ಉಳಿದ ಅತಿಥಿಗಳು ಸ್ಕೀಯಿಂಗ್‌ಗೆ ಹೋಗುವ ಮಧ್ಯಾಹ್ನದ ಹೊತ್ತಿನಲ್ಲಿ ಊಟದ ಕೋಣೆಯನ್ನು ಬಿಟ್ಟುಕೊಟ್ಟರು.

ತೊಂದರೆಯಾದದ್ದು ಬಿಸಿಗಾಳಿಯ ಯಂತ್ರದಿಂದ. ಹೊರಗೆ ಆಳೆತ್ತರದ ಹಿಮವಿದ್ದರೂ ಕೋಣೆಯೊಳಗಿನ ಗಾಳಿ ಮಾತ್ರ ಒಣಗಿ ಹೋಗಿತ್ತು. ರಾತ್ರಿ ಬೆಳಗಾಗುವುದರೊಳಗೆ ನನ್ನ ಪಿಟೀಲಿನ ತಂತಿ ಬಿಗಿಯುವ ಬಿರಡೆಗಳು ಸಡಿಲವಾಗಿ ಎರಡು ತಂತಿಗಳು ಪೂರ್ತಿ ಇಳಿದಿದ್ದವು, ಮೃದಂಗದ ಬಲಗಡೆಯ ಶ್ರುತಿ ಏರಿತ್ತು, ಎಡಗಡೆಯ ಚರ್ಮಕ್ಕೆ ನಾದಕ್ಕಾಗಿ ಹಚ್ಚಿದ ರವೆಯ ಮುದ್ದೆ ಒಂದು ಕೀರ್ತನೆ ಮುಗಿಯುವಷ್ಟರಲ್ಲಿ ಬಿರುಕುಬಿಟ್ಟು ಉದುರತೊಡಗಿತು. ಆರ್ದ್ರತೆಯ ಯಂತ್ರ ಕೇಳಿದೆವು. ಇದ್ದ ಒಂದೇ ಯಂತ್ರ ಬೇರೆ ಕೋಣೆಯಲ್ಲಿತ್ತು. ಒದ್ದೆ ಟವೆಲುಗಳನ್ನು ಹರಡಿಯೇ ಆ ಮೂರು ರಾತ್ರಿಗಳನ್ನು ಕಳೆದೆವು. ಇಷ್ಟು ಹಣ ಪಡೆಯುವವರು ಪ್ರತಿ ಕೋಣೆಗೊಂದನ್ನು ಇಡಬೇಕಿತ್ತು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರದಿಂದಿರಬೇಕು. ಮಿಸೊ (ಹುದುಗಿಸಿದ ಸೋಯಾ ಹಿಟ್ಟು) ಹಾಕಿದ ಸಾರಿನಲ್ಲಿ ತರಕಾರಿಯಷ್ಟೇ ಕಂಡರೂ ಅದರ ಮೂಲರಸವನ್ನು ಸಾಮಾನ್ಯವಾಗಿ ಒಣಮೀನಿನಿಂದಲೇ ತೆಗೆಯುತ್ತಾರೆ. ಹೀಗಾಗಿ ನಾವು ಹೆಚ್ಚಾಗಿ ಅನ್ನವನ್ನೂ, ಸೊಪ್ಪಿನ ಹೂರಣ ತುಂಬಿದ ‘ಓಯಾಕಿ’ ಎಂಬ ಕಡುಬಿನಂಥ ತಿಂಡಿಯನ್ನೂ ನೆಚ್ಚಿಕೊಂಡೆವು.

ಹಳ್ಳಿಯಲ್ಲಿ 13 ಸಾರ್ವಜನಿಕ ಸ್ನಾನಗೃಹಗಳಿವೆ. ಊರವರೇ ಅವುಗಳನ್ನು ನೋಡಿಕೊಳ್ಳುತ್ತಾರೆ. ಶುಲ್ಕವಿಲ್ಲ, ಬಾಗಿಲ ಬಳಿಯ ಪೆಟ್ಟಿಗೆಗೆ ನಾಣ್ಯ ಹಾಕಿದರಾಯಿತು. ಮೈ ತೊಳೆದುಕೊಂಡೇ ಕೊಳಕ್ಕೆ ಇಳಿಯಬೇಕು, ನೀರಂತೂ ಮೊದಲ ಕ್ಷಣದಲ್ಲಿ ಕಾಲಿಡಲಾಗದಷ್ಟು ಬಿಸಿ. ಒಣಗಾಳಿಗೆ ಕಟ್ಟಿಕೊಂಡಿದ್ದ ಗಾಯಕಿಯ ಗಂಟಲು ಆ ಹಬೆಯಲ್ಲೇ ಬಿಟ್ಟಿತು. ಗಂಧಕದ ನೀರೆಂಬುದನ್ನು ಮರೆತು ನಾನು ತೊಟ್ಟೇ ಇಳಿದಿದ್ದ ಬೆಳ್ಳಿಯ ಉಂಗುರ ಮಾತ್ರ ಕಬ್ಬಿಣದಂತೆ ಕಪ್ಪಾಗಿದೆ, ಎಷ್ಟು ಉಜ್ಜಿದರೂ ಇನ್ನೂ ಪೂರ್ತಿ ಬೆಳಗಿಲ್ಲ.