ಚಳಿಗಾಲದ ಮೌಂಟನ್ ಬೈಕಿಂಗಿಗೆ ವಾಟರ್‌ಪ್ರೂಫ್ ಸಾಕ್ಸ್: ಎಲ್ಲಿ ಬಾಳುತ್ತದೆ, ಎಲ್ಲಿ ಕೈಕೊಡುತ್ತದೆ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್, ಲೇಕ್ ಡಿಸ್ಟ್ರಿಕ್ಟ್‌ನಂಥ ಗುಡ್ಡಗಾಡಿನ ಕಡೆ ನವೆಂಬರಿನಿಂದ ಮಾರ್ಚ್‌ವರೆಗೆ ಬೈಕ್ ಓಡಿಸುವವರಿಗೆ ಮೂರು ಪದರದ ವಾಟರ್‌ಪ್ರೂಫ್ ಸಾಕ್ಸ್ ಕೊಟ್ಟ ದುಡ್ಡಿಗೆ ಮೋಸವಿಲ್ಲದ ವಸ್ತು. ಆದರೆ ಪ್ಯಾಕೆಟ್ ಮೇಲೆ ಬರೆದ ‘100% ವಾಟರ್‌ಪ್ರೂಫ್’ ಎಂಬ ಮಾತು ಬಟ್ಟೆಗೆ ಅನ್ವಯಿಸುತ್ತದೆ, ಸಾಕ್ಸಿನ ಬಾಯಿಗಲ್ಲ. ಇದನ್ನು ಹಾಕಿಯೂ ಕಾಲು ತೊಯ್ದು ತೊಪ್ಪೆಯಾಯಿತು ಎಂದು ದೂರುವವರಲ್ಲಿ ಹೆಚ್ಚಿನವರ ಸಾಕ್ಸ್ ಸೋರಿರುವುದಿಲ್ಲ. ನೀರು ಮೇಲಿನಿಂದ ಒಳಗೆ ಇಳಿದಿರುತ್ತದೆ.

ಸೀಲ್‌ಸ್ಕಿನ್ಜ್, ಡೆಕ್ಸ್‌ಶೆಲ್, ಶವರ್ಸ್ ಪಾಸ್ ಹೀಗೆ ಹಲವು ಹೆಸರಿನಲ್ಲಿ ಸಿಗುವ ಈ ಸಾಕ್ಸ್‌ಗಳ ರಚನೆ ಹೆಚ್ಚು ಕಡಿಮೆ ಒಂದೇ. ಹೊರಗೆ ನೈಲಾನ್ ಹೆಣಿಗೆ, ನಡುವೆ ತೆಳ್ಳನೆಯ ಪೊರೆ, ಒಳಗೆ ಮೆರಿನೊ ಉಣ್ಣೆ ಅಥವಾ ಅಕ್ರಿಲಿಕ್. ನಡುವಿನ ಪೊರೆ ಸಾಮಾನ್ಯವಾಗಿ ಪಾಲಿಯುರೆಥೇನ್ ಜಾತಿಯದು, ಅದರಲ್ಲಿ ರಂಧ್ರಗಳೇ ಇರುವುದಿಲ್ಲ. ಬೆವರಿನ ಆವಿಯನ್ನು ಪೊರೆ ಒಳಬದಿಯಲ್ಲಿ ಹೀರಿಕೊಂಡು ಹೊರಬದಿಗೆ ಬಿಟ್ಟುಕೊಡುತ್ತದೆ. ಒಳಗೆ ಬೆಚ್ಚಗೆ, ಹೊರಗೆ ತಣ್ಣಗೆ ಮತ್ತು ಒಣಗಿದ್ದಷ್ಟೂ ಈ ಕೆಲಸ ಚುರುಕು. ಹೊರಗಿನ ನೈಲಾನ್ ನೀರು ಕುಡಿದು ಭಾರವಾದ ಮೇಲೆ ಆವಿ ಹೋಗುವುದು ತೀರಾ ನಿಧಾನವಾಗುತ್ತದೆ. ಹಾಗಾಗಿ ಎರಡು ಮೂರು ಗಂಟೆ ಓಡಿಸಿದ ಮೇಲೆ ಒಳಗೆ ಸ್ವಲ್ಪ ಪಸೆ ಇದ್ದೇ ಇರುತ್ತದೆ. ಅದು ನಿಮ್ಮದೇ ಬೆವರು, ಸಾಕ್ಸ್ ತೂತಾಯಿತೆಂದು ಗಾಬರಿ ಬೇಡ. ಪಸೆ ಬೆಚ್ಚಗಿದ್ದರೆ ಬೆವರು. ತಣ್ಣಗೆ ಕೊರೆಯುತ್ತಿದ್ದರೆ ಹೊರಗಿನ ನೀರು.

ಪಾದಕ್ಕೆ ನೀರು ಬರುವ ದಾರಿಗಳನ್ನು ಬಿಡಿಸಿ ನೋಡಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಮಳೆಯ ನೀರು ತೊಡೆ, ಮೊಣಕಾಲು, ಮೀನಖಂಡದ ಮೇಲೆ ಹರಿದು ಸಾಕ್ಸಿನ ಬಾಯಿಗೆ ಬರುತ್ತದೆ. ಇದೇ ದೊಡ್ಡ ಪಾಲು. ಮುಂದಿನ ಚಕ್ರ ಎರಚುವ ರಾಡಿ ನೀರು ನೇರವಾಗಿ ಶೂ ಮೂತಿಗೆ ಬಡಿಯುತ್ತದೆ. ಕ್ಲೀಟ್ (ಪೆಡಲಿಗೆ ಕಚ್ಚಿಕೊಳ್ಳಲು ಶೂ ಅಡಿಗೆ ಬೋಲ್ಟ್ ಹಾಕುವ ಲೋಹದ ತುಂಡು) ಹಾಕುವ ಶೂ ಆದರೆ ಅಡಿಯ ಸೀಳುಗಳಿಂದಲೂ ಒಳಬರುತ್ತದೆ. ಹಳ್ಳ ದಾಟುವಾಗ, ಪೀಟ್ (ಕೊಳೆತ ಸಸ್ಯದ ಕಪ್ಪು ಮಣ್ಣು) ಜೌಗಿನಲ್ಲಿ ಕಾಲಿಟ್ಟಾಗ ಒಂದೇ ಸಲಕ್ಕೆ ಕಾಲಗಂಟಿನವರೆಗೆ ಮುಳುಗುವುದು ಬೇರೆಯೇ ಲೆಕ್ಕ. ಲ್ಯಾಂಗ್‌ಸೆಟ್‌ನಿಂದ ಡರ್ವೆಂಟ್ ಕಣಿವೆಗೆ ಹೋಗುವ ಕಟ್ ಗೇಟ್ ಹಾದಿಯಲ್ಲಿ ಈ ಎಲ್ಲವೂ ಒಂದೇ ಬೆಳಿಗ್ಗೆ ಎದುರಾಗಬಹುದು.

ಬಾಯಿ ಮುಚ್ಚುವ ಕೆಲಸಕ್ಕೆ ಬರೋಣ. ಕಾಲಗಂಟಿನವರೆಗಿನ ಗಿಡ್ಡ ಸಾಕ್ಸ್ ಮೌಂಟನ್ ಬೈಕಿಗೆ ಬೇಡವೇ ಬೇಡ. ಮೀನಖಂಡದ ಅರ್ಧಕ್ಕಾದರೂ ಬರಬೇಕು, ಮೊಣಕಾಲಿನ ಕೆಳಗಿನವರೆಗೆ ಬಂದರೆ ಇನ್ನೂ ಒಳ್ಳೆಯದು. ಕೆಲವು ಮಾದರಿಗಳಲ್ಲಿ ಬಾಯಿಯ ಒಳಬದಿಗೆ ಸಿಲಿಕೋನ್ ಪಟ್ಟಿ ಇರುತ್ತದೆ. ಅದು ಚರ್ಮಕ್ಕೆ ನೇರವಾಗಿ ಅಂಟಿದ್ದರೆ ಮಾತ್ರ ಪ್ರಯೋಜನ. ಚಳಿಗೆಂದು ಟೈಟ್ಸ್ ಹಾಕಿ ಅದರ ತುದಿಯನ್ನು ಸಾಕ್ಸಿನೊಳಗೆ ತೂರಿಸಿದರೆ ಎಲ್ಲವೂ ಕೆಟ್ಟಿತು. ಟೈಟ್ಸ್ ಬಟ್ಟೆ ಬತ್ತಿಯ ಹಾಗೆ ನೀರನ್ನು ಎಳೆದು ಒಳಗೆ ಇಳಿಸುತ್ತದೆ, ಪಟ್ಟಿ ಅದನ್ನು ತಡೆಯುವುದಿಲ್ಲ. ಒಳಗೆ ಇಳಿದ ನೀರಿಗೆ ಹೊರಹೋಗಲು ದಾರಿಯಿಲ್ಲ. ಮನೆಗೆ ಬಂದು ಸಾಕ್ಸ್ ಕಳಚಿ ತಲೆಕೆಳಗೆ ಹಿಡಿದರೆ ಅರ್ಧ ಲೋಟ ಕಂದು ನೀರು ಸುರಿಯುವುದು ಹೀಗೆ.

ಸರಿಯಾದ ಕ್ರಮ ಇದು: ಸಾಕ್ಸ್ ಚರ್ಮದ ಮೇಲೆ, ಟೈಟ್ಸ್ ಇದ್ದರೆ ಅದರ ತುದಿ ಸಾಕ್ಸಿನ ಹೊರಗೆ, ಎಲ್ಲದರ ಮೇಲೆ ವಾಟರ್‌ಪ್ರೂಫ್ ಪ್ಯಾಂಟು. ಪ್ಯಾಂಟಿನ ತುದಿ ಶೂ ಬಾಯಿಯ ಮೇಲೆ ಇಳಿದಿರಬೇಕು. ಚೈನಿನ ಕಡೆ, ಅಂದರೆ ಬಲಗಾಲಿಗೆ, ವೆಲ್‌ಕ್ರೋ ಪಟ್ಟಿ ಬಿಗಿಯಿರಿ. ಅರ್ಧ ಚಡ್ಡಿಯಲ್ಲೇ ಚಳಿಗಾಲ ಕಳೆಯುವ ಗಟ್ಟಿಗರು ಇಲ್ಲಿ ಬಹಳ ಜನ ಇದ್ದಾರೆ. ಅವರಿಗೆ ವಾಟರ್‌ಪ್ರೂಫ್ ಸಾಕ್ಸ್ ಕೆಳಗಿನಿಂದ ಬರುವ ಕೆಸರಿಗೆ ಆಗುತ್ತದೆ, ಸುರಿಯುವ ಮಳೆಗೆ ಆಗುವುದಿಲ್ಲ.

ಮಡ್‌ಗಾರ್ಡ್ ವಿಷಯ ಬೇಗ ಮುಗಿಸುತ್ತೇನೆ. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಕಮಾನಿಗೆ ಝಿಪ್ ಟೈ ಹಾಕಿ ಕಟ್ಟುವ ಗಿಡ್ಡ ಪ್ಲಾಸ್ಟಿಕ್ ತುಂಡು ಕಣ್ಣಿಗೆ ಹಾರುವ ಕೆಸರನ್ನು ತಡೆಯುತ್ತದೆ, ಅಷ್ಟೆ. ಪಾದಕ್ಕೆ ಬರುವ ನೀರು ಚಕ್ರದ ಹಿಂಭಾಗದಿಂದ ಹಾರುತ್ತದೆ. ಮಡ್‌ಹಗ್ಗರ್ ತಯಾರಿಸುವಂಥ, ಹಿಂದಕ್ಕೆ ಉದ್ದವಾಗಿ ಇಳಿದ ಮಾದರಿಯೇ ಬೇಕು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕನಿಷ್ಠ ಒಂದು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಅಂಟುಮಣ್ಣು ಸಿಕ್ಕಿಕೊಂಡು ಚಕ್ರ ಕಚ್ಚುತ್ತದೆ.

ಇನ್ನು ಶೂ. ವಾಟರ್‌ಪ್ರೂಫ್ ಸಾಕ್ಸ್ ದಪ್ಪ. ಬೇಸಿಗೆಯ ಶೂಗೆ ಅದನ್ನು ತುರುಕಿ ಲೇಸು ಬಿಗಿದರೆ ಪಾದಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಒಣಗಿದ್ದರೂ ಬೆರಳುಗಳು ಮರಗಟ್ಟುತ್ತವೆ. ‘ಈ ಸಾಕ್ಸ್ ಬೆಚ್ಚಗಿಲ್ಲ’ ಎಂಬ ವಿಮರ್ಶೆಗಳ ಹಿಂದೆ ಬಹುಪಾಲು ಇದೇ ಕಾರಣ ಇರುತ್ತದೆ ಎಂಬುದು ನನ್ನ ಗುಮಾನಿ. ಅರ್ಧದಿಂದ ಒಂದು ಅಳತೆ ದೊಡ್ಡ ಶೂ ತೆಗೆದುಕೊಳ್ಳಿ. ಅಳೆಯುವ ಸುಲಭ ಉಪಾಯ: ಇನ್‌ಸೋಲ್ ಹೊರತೆಗೆದು ನೆಲದ ಮೇಲಿಟ್ಟು, ಸಾಕ್ಸ್ ಹಾಕಿದ ಕಾಲಿನಿಂದ ಅದರ ಮೇಲೆ ನಿಲ್ಲಿ. ಹೆಬ್ಬೆರಳಿನ ಮುಂದೆ ಒಂದು ಸೆಂಟಿಮೀಟರ್ ಉಳಿಯಬೇಕು, ಕಿರುಬೆರಳು ಅಂಚಿನಿಂದ ಆಚೆ ಹೋಗಬಾರದು.

ಕ್ಲೀಟ್ ಸೀಳುಗಳನ್ನು ಮುಚ್ಚಬೇಕೇ ಎಂಬ ಪ್ರಶ್ನೆಗೆ ಉತ್ತರ ನೀವು ಯಾವ ದಾರಿ ಹಿಡಿದಿದ್ದೀರಿ ಎಂಬುದರ ಮೇಲಿದೆ, ಇಲ್ಲೇ ಬಹಳ ಜನ ಎಡವುವುದು. ಬೂಟೇ ವಾಟರ್‌ಪ್ರೂಫ್ ಆಗಿದ್ದರೆ ಮುಚ್ಚಿ. ಸಾಮಾನ್ಯ ಶೂ ಒಳಗೆ ವಾಟರ್‌ಪ್ರೂಫ್ ಸಾಕ್ಸ್ ಹಾಕುವವರಾದರೆ ಹಾಗೇ ಬಿಡಿ. ಶೂ ಒಳಗೆ ಬಂದ ನೀರು ಇಳಿದುಹೋಗಲಿ. ಮುಚ್ಚಿದರೆ ಸಾಕ್ಸಿನ ಸುತ್ತ ತಣ್ಣೀರು ನಿಲ್ಲುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಎಳೆದುಕೊಳ್ಳುತ್ತದೆ, ಪೊರೆ ನೀರನ್ನು ತಡೆದರೂ ಆ ಚಳಿಯನ್ನು ತಡೆಯುವುದಿಲ್ಲ.

ಬೂಟಿನವರು ಮುಚ್ಚುವುದು ಹೀಗೆ. ಕ್ಲೀಟ್ ಸುತ್ತ ಪೆನ್ನಿನಿಂದ ಗುರುತು ಹಾಕಿ, 4 ಮಿ.ಮೀ. ಆಲೆನ್ ಕೀಲಿಯಿಂದ ಎರಡೂ ಬೋಲ್ಟ್ ಬಿಚ್ಚಿ. ಎಸ್‌ಪಿಡಿ (ಶಿಮಾನೊದ ಎರಡು ಬೋಲ್ಟಿನ ಬಗೆ) ಕ್ಲೀಟಿಗೆ ಬಳಸುವುದು ಎಂ5, ಅಂದರೆ 5 ಮಿ.ಮೀ. ಬೋಲ್ಟ್. ಎಳೆಗಳಿಗೆ ಗ್ರೀಸ್ ಹಚ್ಚಿ ಗುರುತಿನ ಜಾಗದಲ್ಲೇ 5ರಿಂದ 6 ನ್ಯೂಟನ್ ಮೀಟರ್ ಬಿಗಿಯಿರಿ. ಗ್ರೀಸ್ ಹಚ್ಚದೆ ಬಿಟ್ಟರೆ ರಸ್ತೆಗೆ ಚೆಲ್ಲುವ ಉಪ್ಪಿಗೆ ಅವು ಮಾರ್ಚ್ ಹೊತ್ತಿಗೆ ತುಕ್ಕು ಹಿಡಿದು ಕೂರುತ್ತವೆ. ಆಮೇಲೆ ಇನ್‌ಸೋಲ್ ತೆಗೆದು, ಬೋಲ್ಟ್ ಕೂರುವ ಒಳಗಿನ ಲೋಹದ ತಗಡು ಕಾಣುವ ಜಾಗವನ್ನು ಸರ್ಜಿಕಲ್ ಸ್ಪಿರಿಟ್‌ನಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ಅದರ ಮೇಲೆ ಬ್ಯುಟೈಲ್ (ರಬ್ಬರ್ ಅಂಟಿನ) ಟೇಪು ಅಂಟಿಸಿ, ಸೀಳಿನ ಸುತ್ತ ಒಂದೂವರೆ ಸೆಂಟಿಮೀಟರ್ ಅಂಚು ಇರಲಿ. ಚಮಚದ ಬೆನ್ನಿನಿಂದ ಉಜ್ಜಿ ಗುಳ್ಳೆಗಳನ್ನು ಓಡಿಸಿ. ಡಕ್ಟ್ ಟೇಪು ಕೂಡ ನಡೆಯುತ್ತದೆ, ಆದರೆ ಬೆವರಿಗೆ ಕೆಲವು ವಾರಗಳಲ್ಲೇ ಏಳುತ್ತದೆ. ಕ್ಲೀಟ್ ಜಾಗ ಮೊದಲೇ ಖಾತ್ರಿ ಮಾಡಿಕೊಳ್ಳಿ. ಟೇಪು ಅಂಟಿದ ಮೇಲೆ ತಗಡನ್ನು ಸರಿಸುವುದು ತಲೆನೋವು.

ಆ ತಗಡು ಇನ್ನೊಂದು ಕಿರುಕುಳ ಕೊಡುತ್ತದೆ. ಹೊರಗಿನ ಚಳಿ ಬೋಲ್ಟ್ ಮೂಲಕ ನೇರ ಪಾದದ ಉಬ್ಬಿಗೆ ಬರುತ್ತದೆ. ಕಾರ್ಕ್ ಅಥವಾ ಫೆಲ್ಟ್‌ನ ಎರಡು ಮೂರು ಮಿ.ಮೀ. ದಪ್ಪದ ಇನ್‌ಸೋಲ್ ಹಾಕಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಫ್ಲ್ಯಾಟ್ ಪೆಡಲ್‌ನವರಿಗೆ, ಅಂದರೆ ಕ್ಲೀಟ್ ಇಲ್ಲದವರಿಗೆ, ಈ ಕಾಟವಿಲ್ಲ.

ಬಾಳಿಕೆ. ವಾರಕ್ಕೆ ಒಂದೆರಡು ಸಲ ಬಳಸಿದರೆ ಒಳ್ಳೆಯ ಜೊತೆ ಎರಡು ಚಳಿಗಾಲ ಬರುತ್ತದೆ, ಮೂರನೆಯದು ಅದೃಷ್ಟ. ಮೊದಲು ಹೋಗುವುದು ಹೆಬ್ಬೆರಳಿನ ತುದಿ, ಆಮೇಲೆ ಹಿಮ್ಮಡಿ. ಉಗುರು ಒಳಗಿನಿಂದ ಪೊರೆಯನ್ನು ಚುಚ್ಚುತ್ತದೆ. ಹೊರಗಿನಿಂದ ಮರಳು ತೇಯುತ್ತದೆ. ಪೀಕ್ ಡಿಸ್ಟ್ರಿಕ್ಟ್‌ನ ಗ್ರಿಟ್‌ಸ್ಟೋನ್ (ಒರಟು ಮರಳುಗಲ್ಲು) ಸವೆದು ಬರುವ ಹರಳುಮರಳು ಸಾಕ್ಸಿಗೂ ಶೂಗೂ ನಡುವೆ ಕೂತು ಉಪ್ಪುಕಾಗದದ ಕೆಲಸ ಮಾಡುತ್ತದೆ. ಉಗುರು ಕತ್ತರಿಸಿ, ಪ್ರತಿ ಸಲ ಇನ್‌ಸೋಲ್ ತೆಗೆದು ಶೂ ಕೊಡವಿ. ಮೂರನೆಯ ಶತ್ರು ನಮ್ಮ ಕೈಯೇ. ಒದ್ದೆ ಸಾಕ್ಸನ್ನು ತುದಿ ಹಿಡಿದು ಜಗ್ಗಿ ಎಳೆದರೆ ಒಳಪದರ ಪೊರೆಯಿಂದ ಬಿಟ್ಟುಕೊಂಡು ಹೊರಗೆ ಬರುತ್ತದೆ. ಒಮ್ಮೆ ಹಾಗೆ ಬಿಟ್ಟ ಪದರ ಬೆರಳುಗಳ ಬಳಿ ಮುದುಡಿ ಕೂರುತ್ತದೆ, ಮತ್ತೆ ಸರಿಹೋಗುವುದಿಲ್ಲ. ಮೇಲಿನಿಂದ ಸುರುಳಿ ಸುತ್ತುತ್ತಾ ಹಿಮ್ಮಡಿ ದಾಟಿಸಿ ಕಳಚಬೇಕು.

ತೂತು ಹುಡುಕಲು ಸಾಕ್ಸಿಗೆ ಗಾಳಿ ತುಂಬಿ, ಬಾಯಿ ತಿರುಚಿ ಹಿಡಿದು ಬಕೆಟ್ ನೀರಿನಲ್ಲಿ ಅದುಮಿ. ಮೊದಲ ಒಂದು ನಿಮಿಷ ಎಲ್ಲ ಕಡೆಯಿಂದ ಗುಳ್ಳೆ ಬರುತ್ತದೆ. ಅದು ನೈಲಾನ್ ಹೆಣಿಗೆಯೊಳಗಿನ ಗಾಳಿ, ಬಿಟ್ಟುಬಿಡಿ. ಆಮೇಲೂ ಒಂದೇ ಕಡೆಯಿಂದ ಸರವಾಗಿ ಬರುತ್ತಿದ್ದರೆ ಅಲ್ಲಿ ತೂತು. ಯುರೆಥೇನ್ ಅಂಟಿನಿಂದ ಮೀನಖಂಡದ ಭಾಗದ ತೂತು ಮುಚ್ಚಬಹುದು. ಬೆರಳಿನ ತುದಿಯಲ್ಲಾದರೆ ಅಂಟು ಗಟ್ಟಿಯಾಗಿ ಚರ್ಮ ಕೊರೆಯುತ್ತದೆ, ಆ ಜೊತೆಯನ್ನು ಒಣ ಚಳಿಯ ದಿನಗಳಿಗೆ ಇಟ್ಟುಕೊಳ್ಳುವುದೇ ಜಾಣತನ.

ಒಗೆಯುವುದಕ್ಕೆ 30 ಡಿಗ್ರಿ ನೀರು, ಸೌಮ್ಯ ದ್ರವ ಸೋಪು. ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡಿ, ಅದು ಪೊರೆಯ ಉಸಿರಾಟಕ್ಕೂ ಹೊರಪದರಕ್ಕೂ ಕೇಡು. ಮೊದಲು ಒಳಗನ್ನು ಹೊರಗೆ ಮಗುಚಿ ಉಣ್ಣೆ ಒಣಗಿಸಿ, ಆಮೇಲೆ ತಿರುಗಿಸಿ ಹೊರಬದಿ. ರೇಡಿಯೇಟರ್ ಮೇಲೆ ಹಾಕಿದರೆ ಪದರಗಳ ನಡುವಿನ ಅಂಟು ಬಿಡುತ್ತದೆ. ಗಾಳಿಯಾಡುವ ಕಡೆ ಹಾಕಿದರೆ ಇಡೀ ರಾತ್ರಿ ಸಾಲುವುದಿಲ್ಲ, ಆದ್ದರಿಂದ ಶನಿವಾರ ಭಾನುವಾರ ಎರಡೂ ದಿನ ಹೊರಡುವವರಿಗೆ ಎರಡು ಜೊತೆ ಬೇಕು. ಶೂಗೆ ಹಳೆ ಪೇಪರ್ ಉಂಡೆ ತುರುಕಿ, ಒಂದು ಗಂಟೆ ಬಿಟ್ಟು ಬದಲಿಸಿ, ಮತ್ತೆ ತುರುಕಿ. ಮೊದಲ ಉಂಡೆಯನ್ನೇ ಬೆಳಗಿನವರೆಗೆ ಬಿಟ್ಟರೆ ಪೇಪರೂ ಒದ್ದೆ, ಶೂವೂ ಒದ್ದೆ.

ಪೈಪೋಟಿಯವರ ಬಗ್ಗೆಯೂ ಎರಡು ಮಾತು. ಶಿಮಾನೊ ಎಂಡಬ್ಲ್ಯು7 (ಕ್ಲೀಟಿಗೆ), ಫೈವ್ ಟೆನ್ ಟ್ರೈಲ್‌ಕ್ರಾಸ್ ಗೋರ್‌ಟೆಕ್ಸ್ (ಫ್ಲ್ಯಾಟ್ ಪೆಡಲಿಗೆ) ಬಗೆಯ ಬೂಟುಗಳು ಎತ್ತರದ ಕಾಲರ್ ಇರುವುದರಿಂದ ಎರಚುವ ನೀರಿಗೆ ಸಾಕ್ಸಿಗಿಂತ ಮೇಲು, ಪಾದವೂ ಬೆಚ್ಚಗಿರುತ್ತದೆ. ಆದರೆ ಹಳ್ಳದಲ್ಲಿ ಕಾಲರ್ ಮೇಲಿಂದ ಒಮ್ಮೆ ನೀರು ತುಂಬಿದರೆ ಆ ದಿನ ಮುಗಿಯಿತು, ಒಣಗಲು ಎರಡು ದಿನ. ಬೂಟಿನೊಳಗೆ ವಾಟರ್‌ಪ್ರೂಫ್ ಸಾಕ್ಸನ್ನೂ ಹಾಕುವುದು ಅತಿ ಜಾಣತನ, ಬೆವರು ಎರಡು ಪೊರೆ ದಾಟಲಾರದು. ಬೂಟಿಗೆ ತೆಳು ಉಣ್ಣೆ ಸಾಕ್ಸ್ ಸಾಕು. ಶೂ ಮೇಲೆ ತೊಡುವ ನಿಯೊಪ್ರೀನ್ (ರಬ್ಬರ್ ಬಗೆಯ) ಓವರ್‌ಶೂ ರಸ್ತೆ ಸೈಕಲ್ಲಿಗೆ ಸೊಗಸು. ಬೈಕ್ ತಳ್ಳಿಕೊಂಡು ಕಲ್ಲಿನ ಮೇಲೆ ನಡೆಯಬೇಕಾದ ಕಡೆ ಮೊದಲು ಮೂತಿ ಹರಿಯುತ್ತದೆ, ನಂತರ ಝಿಪ್ ಕೆಸರು ಕಚ್ಚುತ್ತದೆ. ಬ್ರೆಡ್ ಪ್ಯಾಕೆಟ್ ಕವರನ್ನು ತೆಳು ಸಾಕ್ಸ್ ಮೇಲೆ ಹಾಕಿ ಅದರ ಮೇಲೆ ಶೂ ತೊಡುವ ಹಳೆಯ ಉಪಾಯಕ್ಕೆ ನಗಬೇಡಿ. ಒಂದು ಗಂಟೆಯ ಓಡಾಟಕ್ಕೆ ಅದು ನಿಜಕ್ಕೂ ಕೆಲಸ ಮಾಡುತ್ತದೆ, ಅದರಾಚೆ ಬೆವರಿನಲ್ಲಿ ಕಾಲು ನೆನೆಯುತ್ತದೆ.

ಬೆಲೆ: ಸಾಕ್ಸ್ 30ರಿಂದ 50 ಪೌಂಡ್, ಬೂಟು 150 ಪೌಂಡಿನ ಮೇಲೆ, ಉದ್ದನೆಯ ಮುಂದಿನ ಮಡ್‌ಗಾರ್ಡ್ 30ರ ಆಸುಪಾಸು. ಒಟ್ಟು 80 ಪೌಂಡ್ ಇದ್ದರೆ ಮಡ್‌ಗಾರ್ಡ್ ಮತ್ತು ಒಂದು ಜೊತೆ ಉದ್ದ ಸಾಕ್ಸ್. ಬೂಟಿನ ಯೋಚನೆ ಅದಾದ ಮೇಲೆ.

ಊರಿಗೆ ಹೋಗುವಾಗ ಮಲೆನಾಡಿನ ಮಳೆಗಾಲದ ರೈಡಿಗೆಂದು ಇದನ್ನು ಹೊತ್ತೊಯ್ಯುವ ಆಲೋಚನೆ ಕೆಲವರಿಗೆ ಬರುತ್ತದೆ. ಬೇಡ. ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಜನವಸತಿ ಎನ್ನುವ ಲೇಕ್ ಡಿಸ್ಟ್ರಿಕ್ಟ್‌ನ ಸೀಥ್‌ವೇಟ್‌ನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಸುರಿದರೆ ಆಗುಂಬೆಯಲ್ಲಿ ಅದರ ಇಮ್ಮಡಿ. ಆದರೆ ಅಲ್ಲಿನ ಮಳೆ ಕಾಲನ್ನು ಮರಗಟ್ಟಿಸುವ 4 ಡಿಗ್ರಿಯದಲ್ಲ, ಹೊರಗಿನ ಗಾಳಿಯೂ ಪಾದದಷ್ಟೇ ಆರ್ದ್ರ. ಆವಿ ಹೊರಗೆ ಹೋಗಲು ಕಾರಣವೇ ಇಲ್ಲದ ಕಡೆ ಪೊರೆ ಬರೀ ಪ್ಲಾಸ್ಟಿಕ್. ಅಲ್ಲಿಗೆ ನೀರು ಬಂದಷ್ಟೇ ಬೇಗ ಇಳಿದುಹೋಗುವ ಜಾಲರಿ ಶೂ, ತೆಳು ಸಾಕ್ಸ್, ಅದರ ಮೇಲೆ ಮೊಣಕಾಲಿನವರೆಗೆ ಒತ್ತು ನೇಯ್ಗೆಯ ಬಟ್ಟೆಯ ಇಂಬಳದ (ಜಿಗಣೆ ತಡೆಯುವ) ಸಾಕ್ಸ್ ಕಟ್ಟಿಕೊಳ್ಳಿ. ರೈಡ್ ಮುಗಿದ ಕೂಡಲೇ ಕಾಲು ತೊಳೆದು ಬೆರಳ ಸಂದು ಒರೆಸಿ ಒಣಗಿಸಿ.